ಒಳದನಿಗೂ ಒಂದು ಪಾಟೀಸವಾಲು

ಎಲ್ಲರಿಗೂ ನಮಸ್ಕಾರ.

ದುಷ್ಯಂತ ಕಣ್ವಾಶ್ರಮದಲ್ಲಿ ಮರದ ಮರೆಗೆ ನಿಂತು ಶಕುಂತಲೆಯನ್ನು ನೋಡುತ್ತಾನೆ. ಮನಸ್ಸು ಸೋಲುತ್ತದೆ. ಆದರೆ ಅವಳು ಋಷಿಯ ಸ್ವಂತ ಮಗಳಾಗಿದ್ದರೆ ಕ್ಷತ್ರಿಯನಾದ ತಾನು ಕೈಹಿಡಿಯುವಂತಿಲ್ಲ. ಈ ಇಕ್ಕಟ್ಟಿನಲ್ಲಿ ಕಾಳಿದಾಸ ಅವನ ಬಾಯಿಂದ ಒಂದು ಮಾತು ಆಡಿಸುತ್ತಾನೆ: ಸಂದೇಹ ಹುಟ್ಟಿದಲ್ಲಿ ಸಜ್ಜನರಿಗೆ ಅವರ ಅಂತಃಕರಣದ ಒಲವೇ ಪ್ರಮಾಣ. ಅಂದರೆ, ನನ್ನ ಮನಸ್ಸು ಬಯಸಿದೆ. ಆದ್ದರಿಂದ ಇವಳು ನನಗೆ ತಕ್ಕವಳೇ ಇರಬೇಕು. ಎಂಥ ಅನುಕೂಲದ ತರ್ಕ ನೋಡಿ! ಒಳದನಿಯ ಮಾತು ಬಂದಾಗಲೆಲ್ಲ ಈ ಸಾಲನ್ನು ಗೌರವದಿಂದ ಉದ್ಧರಿಸುವವರಿದ್ದಾರೆ. ಅದನ್ನು ಹೇಳಿದವನು ಆಗ ಯಾವ ಸ್ಥಿತಿಯಲ್ಲಿದ್ದ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಅವನ ಊಹೆ ನಿಜವಾಯಿತು ಎನ್ನುವುದು ಬೇರೆ ಮಾತು. ನನಗೆ ಮುಖ್ಯವಾಗಿ ಕಾಣುವುದು ಐದನೆಯ ಅಂಕ. ಗರ್ಭಿಣಿ ಶಕುಂತಲೆ ಅರಮನೆಗೆ ಬಂದಿದ್ದಾಳೆ. ಶಾಪದಿಂದಾಗಿ ರಾಜನಿಗೆ ಏನೂ ನೆನಪಿಲ್ಲ. ಪರಸ್ತ್ರೀಯನ್ನು ಸ್ವೀಕರಿಸಲಾರೆ ಎಂದು ಧರ್ಮದ ಹೆಸರಿನಲ್ಲಿಯೇ ಅವಳನ್ನು ನಿರಾಕರಿಸುತ್ತಾನೆ. ಅಪರಾಧಿಯ ಅಳುಕು ಅವನಲ್ಲಿಲ್ಲ; ತಾನು ಸರಿಯಾದದ್ದನ್ನೇ ಮಾಡುತ್ತಿದ್ದೇನೆ ಎಂದೇ ನಂಬಿದ್ದಾನೆ. ಆದರೆ ಅಂಕ ಮುಗಿಯುವಾಗ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ: ಈ ಮುನಿಕನ್ಯೆಯನ್ನು ಮದುವೆಯಾದ ನೆನಪು ನನಗಿಲ್ಲ ನಿಜ, ಆದರೂ ಬಲವಾಗಿ ನೋಯುತ್ತಿರುವ ಹೃದಯ ಅವಳ ಮಾತೇ ನಿಜವೆಂದು ನಂಬಿಸುವಂತಿದೆ. ಮೊದಲ ಅಂಕದ ದನಿ ಬೇಕಾದದ್ದಕ್ಕೆ ಹೂಂಗುಟ್ಟಿತು, ಅದನ್ನು ಅವನು ಪ್ರಮಾಣ ಎಂದ. ಐದನೆಯ ಅಂಕದ ದನಿ ಬೇಡವಾದದ್ದನ್ನು ಹೇಳಿತು, ಅದನ್ನು ಕೇಳಿಯೂ ಸುಮ್ಮನಾದ. ನಾವೂ ಬಹುಮಟ್ಟಿಗೆ ಹೀಗೆಯೇ. ನನ್ನ ಇಂದಿನ ಮಾತೆಲ್ಲ ಈ ಎರಡು ದನಿಗಳ ನಡುವಿನ ಅಂತರದ ಬಗ್ಗೆಯೇ.

ಮೊದಲು ಅಂತಃಪ್ರಜ್ಞೆಯನ್ನು ತೆಗೆದುಕೊಳ್ಳೋಣ. ‘ಯಾಕೋ ಸರಿ ಕಾಣುತ್ತಿಲ್ಲ’ ಎನ್ನುತ್ತೇವಲ್ಲ, ಅದು. ಕಾಳಿದಾಸನ ಅದೇ ಸಾಲನ್ನು ಮೀಮಾಂಸಕ, ಅಂದರೆ ವೇದವಾಕ್ಯಗಳ ಅರ್ಥವನ್ನು ವಿಚಾರ ಮಾಡುವ ಪಂಥದ ಪಂಡಿತ, ಕುಮಾರಿಲ ಭಟ್ಟ ತನ್ನ ‘ತಂತ್ರವಾರ್ತಿಕ’ದಲ್ಲಿ ಎತ್ತಿಕೊಳ್ಳುತ್ತಾನೆ. ಮನುಸ್ಮೃತಿ ಧರ್ಮದ ಮೂಲಗಳನ್ನು ಹೇಳುವಾಗ ಕೊನೆಯಲ್ಲಿ ಆತ್ಮತುಷ್ಟಿಯನ್ನೂ ಸೇರಿಸಿದೆ. ಹಾಗಾದರೆ ಯಾರ ಮನಸ್ಸಿನ ತೃಪ್ತಿಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅವನ ಪ್ರಶ್ನೆ. ಎಲ್ಲರದ್ದನ್ನೂ ಅಲ್ಲ ಎಂಬುದು ಅವನ ಉತ್ತರ. ಉಪ್ಪಿನ ಗಣಿಯಲ್ಲಿ ಹುಟ್ಟಿದ್ದೆಲ್ಲ ಉಪ್ಪೇ ಆಗುವಂತೆ, ದೀರ್ಘಕಾಲ ವೇದದಲ್ಲಿ ಮುಳುಗಿದವನ ಮನಸ್ಸು ಅದರ ಗುಣವನ್ನೇ ಪಡೆಯುತ್ತದೆ, ಅಂಥವನ ತೃಪ್ತಿಗೆ ಮಾತ್ರ ಬೆಲೆ ಎನ್ನುತ್ತಾನೆ. ಅವನ ವೇದನಿಷ್ಠೆಯನ್ನು ನೀವು ಒಪ್ಪಬೇಕಾಗಿಲ್ಲ, ನಾನೂ ಪೂರ್ತಿ ಒಪ್ಪುವವನಲ್ಲ. ಆದರೆ ಮನಸ್ಸು ಯಾವ ಗಣಿಯಲ್ಲಿ ಬಿದ್ದಿತ್ತು ಎಂದು ಮೊದಲು ಕೇಳು ಎಂಬ ಆ ಎಚ್ಚರವಿದೆಯಲ್ಲ, ಅದನ್ನು ಮೀರಿಸುವ ಮಾತನ್ನು ಈ ವಿಷಯದಲ್ಲಿ ನಾನು ಕಂಡಿಲ್ಲ.

ಇಪ್ಪತ್ತನೆಯ ಶತಮಾನದ ಮನಶ್ಶಾಸ್ತ್ರ ಬೇರೆ ದಾರಿಯಿಂದ ಬಂದು ಇದರ ಹತ್ತಿರವೇ ನಿಂತಿತು. ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದವರ ನಿರ್ಧಾರಗಳನ್ನು ಅಧ್ಯಯನ ಮಾಡಿದವರು. ಅವರು ದಾಖಲಿಸಿದ ಒಂದು ಘಟನೆ: ಮನೆಯೊಂದರ ಅಡುಗೆಕೋಣೆಯ ಕಡೆ ಬೆಂಕಿ, ನೀರು ಹಾಯಿಸಿದರೂ ತಗ್ಗುತ್ತಿಲ್ಲ. ತಂಡದ ಮುಖ್ಯಸ್ಥನಿಗೆ ಏನೋ ಸರಿಯಿಲ್ಲ ಅನ್ನಿಸಿ ಎಲ್ಲರನ್ನೂ ಹೊರಗೆ ಕರೆಸಿದ. ಅವರು ಹೊರಬಿದ್ದ ಸ್ವಲ್ಪ ಹೊತ್ತಿಗೆ ನೆಲ ಕುಸಿಯಿತು. ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ. ಅವನು ಅದನ್ನು ಅತೀಂದ್ರಿಯ ಶಕ್ತಿ ಎಂದೇ ತಿಳಿದಿದ್ದ. ಕೆದಕಿ ಕೇಳಿದಾಗ ಕಾರಣಗಳು ಹೊರಬಂದವು: ಬೆಂಕಿಯ ಗಾತ್ರಕ್ಕೆ ಮೀರಿದ ಕಾವು, ಆ ಕಾವಿಗೆ ತಕ್ಕ ಸದ್ದೇ ಇಲ್ಲ. ಕಾರಣ ಬಾಯಿಗೆ ಬರುವ ಮೊದಲೇ ಅನುಭವ ಕೆಲಸ ಮುಗಿಸಿತ್ತು.

1983ರ ಸೆಪ್ಟೆಂಬರ್ 26ರ ನಸುಕಿನಲ್ಲಿ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಎದುರಿಸಿದ್ದೂ ಇಂಥದ್ದೇ. ಅಮೆರಿಕದಿಂದ ಕ್ಷಿಪಣಿಗಳು ಹೊರಟಿವೆ, ಒಟ್ಟು ಐದು, ಎಂದು ಅವರ ಮುಂದಿನ ಯಂತ್ರ ಹೇಳುತ್ತಿತ್ತು. ಇದು ಸುಳ್ಳು ಎಚ್ಚರಿಕೆ ಎಂದು ಅವರು ಮೇಲಿನವರಿಗೆ ವರದಿ ಮಾಡಿದರು. ಮುಗಿಲಿನ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ತಪ್ಪಾಗಿ ಓದಿತ್ತು ಎಂದು ಆಮೇಲೆ ತಿಳಿಯಿತು. ಎದೆಯ ಮಾತು ಕೇಳಿ ಜಗತ್ತನ್ನು ಉಳಿಸಿದ ಮನುಷ್ಯ ಎಂದು ಇವರ ಕಥೆಯನ್ನು ಹೇಳುವುದು ರೂಢಿ. ಆದರೆ ಆ ಎದೆಯ ಮಾತಿನ ಒಳಗೆ ಏನೇನಿತ್ತು ನೋಡಿ. ನಿಜವಾದ ದಾಳಿಯಾದರೆ ಐದೇ ಕ್ಷಿಪಣಿಗಳಿಂದ ಶುರುವಾಗುವುದಿಲ್ಲ. ಆ ವ್ಯವಸ್ಥೆ ಹೊಸದು. ನೆಲದ ರಾಡಾರ್‌ಗಳು ಏನನ್ನೂ ಕಂಡಿರಲಿಲ್ಲ. ಇಷ್ಟಿದ್ದೂ ತಮಗೆ ಖಚಿತವಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ.

ಅಂತಃಪ್ರಜ್ಞೆಯನ್ನು ಅನುಮಾನದಿಂದ ನೋಡುತ್ತಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅದನ್ನು ಎತ್ತಿಹಿಡಿಯುತ್ತಿದ್ದ ಕ್ಲೈನ್ 2009ರಲ್ಲಿ ಒಟ್ಟಿಗೆ ಕುಳಿತು ಒಂದು ಲೇಖನ ಬರೆದರು. ಅವರು ಒಪ್ಪಿಕೊಂಡ ಷರತ್ತುಗಳು ಎರಡು. ಆ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಕ್ರಮ ಇರಬೇಕು. ನಮ್ಮ ಊಹೆ ಸರಿಯೋ ತಪ್ಪೋ ಎಂಬುದು ಆಗಾಗ ನಮಗೆ ತಿಳಿದು, ಅದರಿಂದ ಕಲಿಯಲು ಅವಕಾಶ ಇರಬೇಕು. ದಾದಿಗೆ, ಚದುರಂಗದ ಆಟಗಾರನಿಗೆ ಈ ಎರಡೂ ಸಿಗುತ್ತವೆ. ‘ಮುಖ ನೋಡಿದರೇ ಗೊತ್ತಾಗುತ್ತದೆ’ ಎನ್ನುವ ಸಂದರ್ಶಕನಿಗೆ ಸಿಗುವುದಿಲ್ಲ. ಅವನು ತಿರಸ್ಕರಿಸಿದವರು ಬೇರೆಡೆ ಹೇಗೆ ಬೆಳಗಿದರು ಎಂಬುದು ಅವನ ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ಅವನ ಆತ್ಮವಿಶ್ವಾಸ ಬೆಳೆಯುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಇಪ್ಪತ್ತು ವರ್ಷಗಳ ಅನುಭವ ಎಂದು ಯಾರಾದರೂ ಹೇಳಿದಾಗ ನಾನು ಮನಸ್ಸಿನಲ್ಲೇ ಕೇಳಿಕೊಳ್ಳುವುದುಂಟು: ಅಷ್ಟು ವರ್ಷಗಳಲ್ಲಿ ಇವರ ತಪ್ಪನ್ನು ಇವರಿಗೆ ತೋರಿಸಿದವರು ಯಾರು?

ದಿನನಿತ್ಯದ ಬದುಕಿನಲ್ಲಿ ಇನ್ನೊಂದು ತೊಡಕಿದೆ. ಹೆದರಿಕೆಯೂ ಒಳದನಿಯ ವೇಷದಲ್ಲೇ ಬರುತ್ತದೆ. ಹೊಸ ಕೆಲಸ, ಅಪರಿಚಿತ ಮನುಷ್ಯ, ಬೇರೆ ಬಣ್ಣದ ಮುಖ, ಎಲ್ಲದರ ಎದುರೂ ಮನಸ್ಸು ಬೇಡ ಎನ್ನಬಹುದು. ಎಚ್ಚರಿಕೆಗೆ ಸಾಮಾನ್ಯವಾಗಿ ಕಣ್ಣೆದುರಿನ ಯಾವುದೋ ಒಂದು ವಿವರ ಕಾರಣವಾಗಿರುತ್ತದೆ, ಸಮಾಧಾನವಾಗಿ ಹುಡುಕಿದರೆ ಸಿಗುತ್ತದೆ. ಬರೀ ಅಂಜಿಕೆಗೆ ಅಂಥ ವಿವರ ಬೇಕಿಲ್ಲ. ಮನುಷ್ಯ ಬದಲಾದರೂ ಜಾಗ ಬದಲಾದರೂ ಅದೇ ಮಾತನ್ನೇ ಹೇಳುತ್ತದೆ. ಹಾಗೆಂದು, ರಾತ್ರಿ ಒಬ್ಬರೇ ಇರುವಾಗ ಎದುರಿಗಿದ್ದವನ ನಡವಳಿಕೆ ಸರಿ ಅನ್ನಿಸದಿದ್ದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ, ಹೊರಟುಬಿಡಿ. ಅಲ್ಲಿ ತಪ್ಪಿದರೆ ಹೋಗುವುದು ಒಂದಿಷ್ಟು ಮರ್ಯಾದೆ ಮಾತ್ರ.

ಇನ್ನು ಮನಸ್ಸಾಕ್ಷಿ. ಕುಮಾರಿಲನ ಉಪ್ಪಿನ ಗಣಿ ಇಲ್ಲಿ ಇನ್ನೂ ಕಟುವಾಗುತ್ತದೆ. ಮನುಷ್ಯರನ್ನು ಕೊಂಡು ಮಾರಿದ ಸಮಾಜಗಳಲ್ಲಿ, ಮುಟ್ಟಿದರೆ ಮೈಲಿಗೆ ಎಂದ ಸಮಾಜಗಳಲ್ಲಿ, ಅದನ್ನು ಪಾಲಿಸಿದ ಬಹುಮಂದಿಗೆ ರಾತ್ರಿ ಚೆನ್ನಾಗಿಯೇ ನಿದ್ದೆ ಬರುತ್ತಿತ್ತು. ಮೈಲಿಗೆಯಾದಾಗ ಅವರ ಮನಸ್ಸು ಕುಟುಕುತ್ತಿತ್ತು. ಎದುರಿನವನನ್ನು ಅವಮಾನಿಸಿದಾಗ ಕುಟುಕುತ್ತಿರಲಿಲ್ಲ. ಆದ್ದರಿಂದ ‘ನನ್ನ ಮನಸ್ಸಾಕ್ಷಿ ಶುದ್ಧವಾಗಿದೆ’ ಎಂಬ ಮಾತನ್ನು ನಾನು ಪುರಾವೆಯೆಂದು ಒಪ್ಪಲಾರೆ. ಮನಸ್ಸು ಚುಚ್ಚಿದರೆ ಅಲ್ಲಿ ನೋಡಬೇಕಾದದ್ದು ಏನೋ ಇದೆ. ಚುಚ್ಚದಿದ್ದರೆ ಏನೂ ಇಲ್ಲ ಎಂದೇನೂ ಅರ್ಥವಲ್ಲ.

ಸಾಕ್ರೆಟಿಸ್ ತನ್ನ ವಿಚಾರಣೆಯಲ್ಲಿ ಹೇಳಿದ್ದಾಗಿ ಪ್ಲೇಟೋ ಬರೆದಿರುವ ಮಾತೊಂದಿದೆ: ಬಾಲ್ಯದಿಂದಲೂ ತನಗೊಂದು ದನಿ ಕೇಳಿಸುತ್ತದೆ, ಅದು ಮಾಡಹೊರಟದ್ದನ್ನು ತಡೆಯುತ್ತದೆಯೇ ಹೊರತು ಯಾವತ್ತೂ ಮಾಡು ಎಂದು ತಳ್ಳುವುದಿಲ್ಲ. ಇದನ್ನು ನಾನು ಬಹಳ ಮೆಚ್ಚುತ್ತೇನೆ. ನನ್ನನ್ನು ತಡೆಯುವ ದನಿಯಿಂದ ಸಾಮಾನ್ಯವಾಗಿ ನಷ್ಟವಾದರೆ ನನಗೇ. ಇನ್ನೊಬ್ಬರನ್ನು ಶಿಕ್ಷಿಸು, ಇದು ನಿನಗೆ ಸಲ್ಲಬೇಕಾದದ್ದು ತೆಗೆದುಕೋ ಎನ್ನುವ ದನಿ ಎಷ್ಟೇ ಪವಿತ್ರವಾಗಿ ಕೇಳಿಸಿದರೂ ಅದಕ್ಕೆ ಪಾಟೀಸವಾಲು ಬೇಕು.

1968ರ ಮಾರ್ಚ್ 16ರಂದು ವಿಯೆಟ್ನಾಂನ ಮಿ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನಿರಾಯುಧ ಹಳ್ಳಿಗರನ್ನು ಕೊಲ್ಲುತ್ತಿದ್ದರು. ಅದೇ ಸೇನೆಯ ಹ್ಯೂ ಥಾಂಪ್ಸನ್ ಮೇಲೆ ಹೆಲಿಕಾಪ್ಟರ್ ಹಾರಿಸುತ್ತಿದ್ದರು, ವಯಸ್ಸು 24. ಗಾಯಗೊಂಡವರಿಗೆ ನೆರವು ಸಿಗಲೆಂದು ಹೊಗೆಯ ಗುರುತು ಹಾಕಿದರು. ತಿರುಗಿ ಬಂದು ನೋಡಿದರೆ ಅವರೂ ಸತ್ತಿದ್ದರು. ಆಮೇಲೆ ಅವರು ಸೈನಿಕರಿಗೂ ಓಡುತ್ತಿದ್ದ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ಇವರು ಗುಂಡು ಹಾರಿಸಿದರೆ ನೀವೂ ಇವರ ಮೇಲೆ ಹಾರಿಸಿ ಎಂದು ತಮ್ಮ ಇಬ್ಬರು ಸಂಗಡಿಗರಿಗೆ ಹೇಳಿದರು. ಅದೇ ತರಬೇತಿ, ಅದೇ ಸಮವಸ್ತ್ರ. ಇಲ್ಲಿ ಮನಸ್ಸಾಕ್ಷಿ ಆಕಾಶವಾಣಿಯಂತೆ ಕೇಳಿಸಲಿಲ್ಲ. ಅವರು ಕಣ್ಣಿಟ್ಟು ನೋಡಿದರು, ಮತ್ತೆ ಹೋಗಿ ನೋಡಿದರು, ಕಂಡದ್ದನ್ನು ಬೇರೆ ಹೆಸರಿಟ್ಟು ಕರೆಯಲಿಲ್ಲ. ಸೇನೆ ಅವರಿಗೆ ಪದಕ ಕೊಟ್ಟು ಈ ಕೆಲಸವನ್ನು ಗೌರವಿಸಿದ್ದು 1998ರಲ್ಲಿ.

ದೊಡ್ಡ ಮನಸ್ಸಾಕ್ಷಿಯೂ ತನ್ನ ಗಡಿ ದಾಟಬಲ್ಲದು. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ರವೀಂದ್ರನಾಥ ಠಾಕೂರರು ಬಹಿರಂಗವಾಗಿಯೇ ವಿರೋಧಿಸಿದರು. ಗಾಂಧೀಜಿ ಆ ವಿರೋಧವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿದರು. ಅಸ್ಪೃಶ್ಯತೆ ಪಾಪ ಎಂಬಲ್ಲಿ ಅವರ ಒಳದನಿ ಸರಿಯಾಗಿತ್ತು. ನೆಲ ಏಕೆ ನಡುಗಿತು ಎಂಬುದು ಮನಸ್ಸಾಕ್ಷಿಯ ಕೈಗೆ ಸಿಗುವ ಪ್ರಶ್ನೆಯಲ್ಲ, ಭೂವಿಜ್ಞಾನದ್ದು. ಈ ಔಷಧಿ ಕೆಲಸ ಮಾಡುತ್ತದೆಯೇ, ಈ ಸುದ್ದಿ ನಿಜವೇ ಎಂಬುದನ್ನು ಕಣ್ಣುಮುಚ್ಚಿ ಒಳಗೆ ಕೇಳಿಕೊಳ್ಳುವವರು ಇದನ್ನು ಗಮನಿಸಬೇಕು.

ಹಾಗಾದರೆ ಪಾಟೀಸವಾಲು ಹೇಗೆ? ನಿರ್ಧಾರವನ್ನು ಅದರಿಂದ ನಷ್ಟ ಅನುಭವಿಸುವವರ ಎದುರು ಜೋರಾಗಿ ಹೇಳಿ ನೋಡಿ. ಬಾಯಿ ತೊದಲಿದರೆ ಎಲ್ಲಿ ತೊದಲಿತು ಎಂದು ಗಮನಿಸಿ. ಇದೇ ಕೆಲಸವನ್ನು ನನಗಾಗದವನು ಮಾಡಿದ್ದರೆ ಏನೆನ್ನುತ್ತಿದ್ದೆ ಎಂದು ಕೇಳಿಕೊಳ್ಳಿ. ಕೋಪ ಇಳಿಯುವವರೆಗೆ, ಸಾಧ್ಯವಾದರೆ ಒಂದು ರಾತ್ರಿ ಕಳೆಯುವವರೆಗೆ ಕಾಯಿರಿ. ಆಸೆ ಬೆಳಗಾಗುವಷ್ಟರಲ್ಲಿ ಹೊಸ ವಾದ ಹೂಡಿರುತ್ತದೆ, ಮನಸ್ಸಾಕ್ಷಿ ಮಾತ್ರ ಬೆಳಿಗ್ಗೆಯೂ ಹಿಂದಿನ ದಿನದ ಅದೇ ಚಿಕ್ಕ ಮಾತನ್ನು ಹಿಡಿದು ಕೂತಿರುತ್ತದೆ. ಸಲಹೆ ಕೇಳುವುದಾದರೆ ನಿಮ್ಮ ಪರವಾಗಿ ತಲೆಯಾಡಿಸುವವರನ್ನು ಬಿಟ್ಟು ಬೇರೆಯವರನ್ನು ಕೇಳಿ. ಇಷ್ಟೆಲ್ಲ ಆದ ಮೇಲೂ ಆ ದನಿ ಹಾಗೆಯೇ ನಿಂತಿದ್ದರೆ, ಎಲ್ಲ ಉತ್ತರಗಳೂ ಕೈಗೆ ಸಿಗಲೆಂದು ಕಾಯಬೇಡಿ. ಆಗ ನಡೆಯಬೇಕಾದದ್ದೇ. ನಡೆದ ಮೇಲೆ ತಪ್ಪೆಂದು ತಿಳಿದರೆ ಯಾರಿಗೆ ನೋವಾಯಿತೋ ಅವರ ಬಳಿ ಹೋಗಿ ಅದನ್ನು ಹೇಳಬೇಕಾದದ್ದೂ ನಾವೇ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ.