ಪಿಯಾನೋ ಬೇಕೋ, ಗಂಟಲು ಸಾಕೋ?

ಶಾಲೆಯ ವ್ಯಾಯಾಮದಲ್ಲಿ ಮಕ್ಕಳು ಕೈಯನ್ನ ಜರ್ಮನ್ ಥರ ಎತ್ತಬೇಕೋ, ಸ್ವೀಡಿಷ್ ಥರ ಎತ್ತಬೇಕೋ? ಇದಕ್ಕಾಗಿ 1889ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಸಮ್ಮೇಳನವೇ ನಡೀತು!

ಹಿನ್ನೆಲೆ ಬೇಗ ಮುಗಿಸ್ತೀನಿ. ಜರ್ಮನ್ ಪದ್ಧತಿ ಫ್ರೀಡ್ರಿಕ್ ಲುಡ್ವಿಗ್ ಯಾನ್ ಅವರದ್ದು, 1811, ಬರ್ಲಿನ್. ಉಪಕರಣಗಳ ಮೇಲಿನ ಕಸರತ್ತು: ಹಿಡಿದು ತೂಗೋ ಬಾರ್, ಹಾರೋಕೆ ಮರದ ಕುದುರೆ, ಹಗ್ಗ. ಶಿಷ್ಯ ಚಾರ್ಲ್ಸ್ ಬೆಕ್ 1825ರಲ್ಲಿ ಅದನ್ನ ಮ್ಯಾಸಚೂಸೆಟ್ಸ್‌ನ ರೌಂಡ್ ಹಿಲ್ ಶಾಲೆಗೆ ತಂದ. 1848ರ ಕ್ರಾಂತಿ ಸೋತು ಬಂದ ಜರ್ಮನರು ಸಿನ್ಸಿನಾಟಿಯಲ್ಲಿ ಟರ್ನ್‌ಫೆರೈನ್ ಕಟ್ಟಿದ್ರು. ಗರಡಿಮನೆಯೂ ಹೌದು, ರಾಜಕೀಯ ಸಂಘವೂ ಹೌದು. ಸ್ವೀಡಿಷ್ ಪದ್ಧತಿ ಪೆರ್ ಹೆನ್ರಿಕ್ ಲಿಂಗ್ ಅವರದ್ದು, 1813, ಸ್ಟಾಕ್‌ಹೋಮ್.

ಈಗ ಜಗಳಕ್ಕೆ ಬರೋಣ. ಜರ್ಮನರು ಪಿಯಾನೋ ತಾಳಕ್ಕೆ ವ್ಯಾಯಾಮ ಮಾಡಿಸ್ತಿದ್ರು. ಸ್ವೀಡಿಷರಿಗೆ ಸಂಗೀತ ಅಂದ್ರೆ ಆಗ್ತಿರಲಿಲ್ಲ. ಅವರ ವಾದ: ಕೈ ಚಾಚೋದು ಚಟಕ್ಕನೆ ಆಗ್ಬೇಕು, ಸೊಂಟ ಬಗ್ಗಿಸೋದು ನಿಧಾನಕ್ಕೆ. ಎರಡಕ್ಕೂ ಒಂದೇ ತಾಳ ಕೊಟ್ರೆ ಒಂದು ಭಂಗಿ ಪೂರ್ತಿಯಾಗೋ ಮೊದಲೇ ಇನ್ನೊಂದು ಬಂದ್ಬಿಡುತ್ತೆ.

ಹಾಗಾಗಿ ಅವರದ್ದು ಬರೀ ಆಜ್ಞೆ. ಅದು ಎರಡು ತುಂಡು. ನಮ್ಮ ಪೀಟಿ ಮೇಷ್ಟ್ರು "ದಾಹಿನೇ…" ಅಂತ ಎಳೆದು, ನಿಲ್ಲಿಸಿ, "ಮುಡ್!" ಅಂತಾರಲ್ಲ, ಅದೇ ಕಟ್ಟು. "ಕೈ ಮೇಲಕ್ಕೆ…" ಅಂದಾಗ ಏನು ಮಾಡಬೇಕು ಅನ್ನೋದು ಮಗುವಿನ ತಲೆಗೆ ಹೋಗ್ಬೇಕು. ಆಮೇಲೆ ವಿರಾಮ. ಆಮೇಲೆ "ಚಾಚು!" ವಿರಾಮ ಕಡಿಮೆಯಾದ್ರೆ ಅರ್ಧ ತರಗತಿ ತಡ. ಜಾಸ್ತಿಯಾದ್ರೆ ಮುಂದಿನ ಬೆಂಚಿನ ಜಾಣ ಮೊದಲೇ ಕೈ ಎತ್ತಿರ್ತಾನೆ. ಕೊನೇ ಪದದ ದನಿ ಕೂಡ ಚಲನೆಯ ವೇಗವನ್ನೇ ಹೇಳ್ಬೇಕು: ಚಾಚೋಕೆ ಗಟ್ಟಿ "ಚಾಚು!", ಬಗ್ಗೋಕೆ ಎಳೆದ "ಬಗ್ಗೂ…". ಮೇಷ್ಟ್ರ ಗಂಟಲೇ ಇಲ್ಲಿ ವಾದ್ಯ!

ಜರ್ಮನರ ಉತ್ತರವೂ ಸರಳ: ಸಂಗೀತ ಇಲ್ಲದೆ ಮಕ್ಕಳು ಆಕಳಿಸ್ತಾರೆ. ನನ್ನ ಮತ ಇವರಿಗೇ. ಆದ್ರೆ ಬಾಸ್ಟನ್ 1890ರಲ್ಲಿ ಸರ್ಕಾರಿ ಶಾಲೆಗಳಿಗೆ ಲಿಂಗ್ ಪದ್ಧತಿಯನ್ನ ಆರಿಸ್ಕೊಳ್ತು. ಖರ್ಚಿನ ಲೆಕ್ಕ ನೋಡಿ: ಹಾಲ್ ಬೇಡ, ಬಾರ್ ಬೇಡ, ಪಿಯಾನೋ ಬೇಡ. ಡೆಸ್ಕ್ ಪಕ್ಕದ ಓಣಿಯಲ್ಲೇ ನಿಂತು ಮಾಡ್ಬಹುದು. ಇನ್ನೊಂದು, ಶ್ರೀಮಂತೆ ಮೇರಿ ಹೆಮೆನ್‌ವೇ ಶಿಕ್ಷಕಿಯರ ತರಬೇತಿಗೆ ತಮ್ಮ ದುಡ್ಡೇ ಹಾಕಿದ್ರು. ಎಮಿ ಮಾರಿಸ್ ಹೋಮನ್ಸ್ ನಡೆಸ್ತಿದ್ದ ಆ ತರಬೇತಿ ಶಾಲೆ 1909ರಲ್ಲಿ ವೆಲ್ಸ್‌ಲಿ ಕಾಲೇಜಿಗೆ ಸೇರ್ತು.

ಟೈಮ್ ಮುಗೀತಿದೆ, ಉಳಿದಿದ್ದು ಒಂದೇ ಉಸಿರಲ್ಲಿ. ಜರ್ಮನರು ಮಿಲ್ವಾಕಿ, ಇಂಡಿಯಾನಾಪೊಲಿಸ್ ಕಡೆ ಶಿಕ್ಷಕರನ್ನ ತಯಾರು ಮಾಡ್ತಾನೇ ಇದ್ರು. 1920ರ ಹೊತ್ತಿಗೆ ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಬಂದು ಇಬ್ಬರನ್ನೂ ಪಕ್ಕಕ್ಕೆ ತಳ್ಳಿದ್ವು. ಯಾನ್ ಅವರ ಪ್ಯಾರಲಲ್ ಬಾರ್ ಒಲಿಂಪಿಕ್ಸ್‌ನಲ್ಲಿದೆ. ಸ್ವೀಡಿಷರ ಗೋಡೆಗೆ ಜೋಡಿಸಿದ ಮರದ ಏಣಿ ಫಿಸಿಯೋಥೆರಪಿ ಕೋಣೆಯಲ್ಲಿ ಸಿಗುತ್ತೆ.