ಟಸ್ಕಿಗಿಯ ಪ್ರಿನ್ಸಿಪಾಲರ ಪ್ರತಿಮೆ

ಗೆಳೆಯರೇ, ಮೇಷ್ಟರ ಪ್ರತಿಮೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಎದೆಮಟ್ಟದ ಮೂರ್ತಿ, ಕೋಟು, ಕೊರಳಿಗೊಂದು ಹಾರ. ಮೇಷ್ಟರಿರುತ್ತಾರೆ, ಶಿಷ್ಯ ಇರುವುದಿಲ್ಲ. ನಾನಿವತ್ತು ಮಾತಾಡಲಿರುವ ಪ್ರತಿಮೆಯಲ್ಲಿ ಇಬ್ಬರೂ ಇದ್ದಾರೆ. ಅದಕ್ಕೇ ಅದು ನನಗೆ ಅಷ್ಟು ಇಷ್ಟ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಟಸ್ಕಿಗಿ ಎಂಬ ಸಣ್ಣ ಊರು. 1881ರ ಜುಲೈ 4ರಂದು ಅಲ್ಲಿ ಕಪ್ಪು ಜನರಿಗಾಗಿ ಶಿಕ್ಷಕರ ತರಬೇತಿ ಶಾಲೆಯೊಂದು ಶುರುವಾಯಿತು. ಪ್ರಿನ್ಸಿಪಾಲರಾಗಿ ಬಂದ ಬೂಕರ್ ಟಿ. ವಾಷಿಂಗ್ಟನ್ ಅವರಿಗೆ ಆಗ ಇಪ್ಪತ್ತೈದು ವರ್ಷ. ಗುಲಾಮರಾಗಿಯೇ ಹುಟ್ಟಿದವರು. ಸರ್ಕಾರ ಮಂಜೂರು ಮಾಡಿದ್ದು ವರ್ಷಕ್ಕೆ 2,000 ಡಾಲರ್, ಅದೂ ಸಂಬಳಕ್ಕೆ ಮಾತ್ರ. ಜಾಗ, ಕಟ್ಟಡ ಎಲ್ಲವನ್ನೂ ಅವರೇ ಹೊಂದಿಸಿಕೊಳ್ಳಬೇಕಿತ್ತು.

ಇಟ್ಟಿಗೆಯನ್ನು ನಾವೇ ಸುಡೋಣ ಎಂದು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮಣ್ಣಿಗಿಳಿದರು. ಮೊದಲ ಗೂಡು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದು ಇನ್ನೇನು ಸುಟ್ಟು ಮುಗಿಯಿತು ಎನ್ನುವಾಗ ಕುಸಿಯಿತು. ಕೈಯಲ್ಲಿ ದುಡ್ಡಿಲ್ಲ. ವಾಷಿಂಗ್ಟನ್ ಮಾಂಟ್ಗಮರಿ ನಗರಕ್ಕೆ ಹೋಗಿ ತಮ್ಮ ಗಡಿಯಾರವನ್ನು 15 ಡಾಲರಿಗೆ ಗಿರವಿ ಇಟ್ಟು ಬಂದರು. ನಾಲ್ಕನೆಯ ಗೂಡು ಕೈಹಿಡಿಯಿತು. ಆದರೆ ಹಣ ಹೊಂದಿಸುವಷ್ಟರಲ್ಲಿ ವಾಯಿದೆ ಮುಗಿದು, ಗಡಿಯಾರ ಹೋಯಿತು. ಮುಂದೆ ಆ ಊರಿನ ಬಿಳಿಯರೂ ಇಟ್ಟಿಗೆಗಾಗಿ ಶಾಲೆಗೇ ಬಂದರು.

1915ರಲ್ಲಿ ಅವರು ತೀರಿಕೊಂಡರು. 1922ರಲ್ಲಿ ಶಾಲೆಯ ಆವರಣದಲ್ಲಿ ಚಾರ್ಲ್ಸ್ ಕೆಕ್ ಮಾಡಿದ ಕಂಚಿನ ಪ್ರತಿಮೆ ಎದ್ದಿತು. ಅದಕ್ಕೆ ವಂತಿಗೆ ಕೊಟ್ಟವರು ಕಪ್ಪು ಜನರೇ. ವಾಷಿಂಗ್ಟನ್ ನಿಂತಿದ್ದಾರೆ, ಪಕ್ಕದಲ್ಲಿ ಕೂತ ಕಪ್ಪು ಮನುಷ್ಯನ ತಲೆಯ ಮೇಲಿನ ಮುಸುಕನ್ನು ಎತ್ತುತ್ತಿದ್ದಾರೆ. ಅವನು ಕೂತಿರುವುದು ನೇಗಿಲು, ಕಮ್ಮಾರರ ಅಡಿಗಲ್ಲಿನ ಮೇಲೆ. ಜೊತೆಗೊಂದು ಪುಸ್ತಕ. ತನ್ನ ಜನರ ಅಜ್ಞಾನದ ಮುಸುಕನ್ನು ಸರಿಸಿದವರು ಎಂದು ಪೀಠದ ಮೇಲೆ ಕೊರೆದಿದ್ದಾರೆ.

ಎಲ್ಲರೂ ಅವರ ದಾರಿಯನ್ನು ಒಪ್ಪಲಿಲ್ಲ. ಕಸುಬು ಕಲಿಯಿರಿ, ರಾಜಕೀಯ ಹಕ್ಕಿಗೆ ಅವಸರ ಬೇಡ ಎಂಬ ವಾಷಿಂಗ್ಟನ್ನರ ಧೋರಣೆಯನ್ನು ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲೇ ನೇರವಾಗಿ ಟೀಕಿಸಿದ್ದರು. ಆ ಟೀಕೆಯಲ್ಲಿ ಹುರುಳಿತ್ತು. ಮತದ ಹಕ್ಕು ಕಳೆದುಕೊಳ್ಳುತ್ತಿದ್ದ ಜನರಿಗೆ ಇಟ್ಟಿಗೆ ಮಾತ್ರ ಸಾಲುತ್ತಿರಲಿಲ್ಲ. 1952ರಲ್ಲಿ ಕಪ್ಪು ಲೇಖಕ ರಾಲ್ಫ್ ಎಲಿಸನ್ ತಮ್ಮ ‘ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯಲ್ಲಿ ಇಂಥದ್ದೇ ಪ್ರತಿಮೆಯ ಮುಂದೆ ಒಬ್ಬ ಹುಡುಗನನ್ನು ನಿಲ್ಲಿಸಿದರು. ಈ ಕೈ ಮುಸುಕನ್ನು ಎತ್ತುತ್ತಿದೆಯೋ, ಇನ್ನಷ್ಟು ಬಿಗಿಯಾಗಿ ಹೊದಿಸುತ್ತಿದೆಯೋ ಎಂದು ಅವನಿಗೆ ಗೊತ್ತಾಗುವುದಿಲ್ಲ.

ಎತ್ತುತ್ತಿದೆ ಎಂದೇ ನನ್ನ ನಂಬಿಕೆ. ಅದಕ್ಕೆ ಎಲಿಸನ್ನರೇ ಸಾಕ್ಷಿ. ಅವರು 1933ರಲ್ಲಿ ಸಂಗೀತ ಕಲಿಯಲೆಂದು ಟಸ್ಕಿಗಿಗೆ ಬಂದ ವಿದ್ಯಾರ್ಥಿ. ಆ ಶಾಲೆಯ ಗ್ರಂಥಾಲಯದಲ್ಲೇ ಎಲಿಯಟ್ಟನ ಕವಿತೆ ಓದಿ, ಸಾಹಿತ್ಯದ ಕಡೆಗೆ ತಿರುಗಿದರು.