ಫಿಸಿಕ್ಸ್ ಓದಿ ಜೀನೋಮ್ ಪಾಠ ಮಾಡೋ ದಾರಿ

ಈ ಮಾತು ಶುರು ಮಾಡ್ತಿರೋದು ತೋಳಹುಣಸೆಯ ಶಿವಗಂಗೋತ್ರಿಲಿ, ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ. ಪಿಯುಸಿಲೇ ಬಯಾಲಜಿ ಕೈಬಿಟ್ಟು ಬಿಎಸ್‌ಸಿ ಪಿಸಿಎಂ ಮಾಡ್ತಿರೋರು ಬಯೋಇನ್ಫರ್ಮ್ಯಾಟಿಕ್ಸ್‌ಗೆ, ಅಂದ್ರೆ ಜೀವಿಗಳ ಡಿಎನ್‌ಎ ಥರದ ಡೇಟಾನ ಕಂಪ್ಯೂಟರಲ್ಲಿ ಬಿಡಿಸೋ ವಿಷಯಕ್ಕೆ, ಬರಬಹುದಾ? ಧಾರಾಳವಾಗಿ. ಪ್ರೋಟೀನ್ ರಚನೆಯ ನಕ್ಷೆಗೆ ಹೆಸರಾದ ಜಿ.ಎನ್. ರಾಮಚಂದ್ರನ್ ಕೂಡ ಸಿ.ವಿ. ರಾಮನ್ ಹತ್ರ ಫಿಸಿಕ್ಸ್ ಕಲಿತವರೇ.

ಒಂದು ಲೆಕ್ಕ ಹಾಕೋಣ. ಇ. ಕೋಲಿ ಬ್ಯಾಕ್ಟೀರಿಯಾದ ಜೀನೋಮ್, ಅಂದ್ರೆ ಅದರ ಇಡೀ ಡಿಎನ್‌ಎ, ಸುಮಾರು 46 ಲಕ್ಷ ಬೇಸ್ (ಡಿಎನ್‌ಎಯ ಅಕ್ಷರ). ಡಿಎನ್‌ಎ ಓದೋ ಯಂತ್ರ ಸೀಕ್ವೆನ್ಸರ್ ಅದನ್ನ ಒಂದೇ ಉಸಿರಿಗೆ ಓದಲ್ಲ, 150 ಬೇಸ್‌ನ ತುಂಡುಗಳಾಗಿ ಓದುತ್ತೆ. ಪ್ರತಿ ಜಾಗವೂ ಸರಾಸರಿ 5 ಸಲ ಓದಿಸ್ಕೊಂಡ್ರೆ, ಒಂದು ಸಲವೂ ಓದದೆ ಉಳಿಯೋದು ಎಷ್ಟು? ಸಂಭವನೀಯತೆ ಲೆಕ್ಕದ ಪಾಯ್ಸಾನ್ ಸೂತ್ರ ಗೊತ್ತಿದ್ರೆ ಉತ್ತರ ಕೈಯಲ್ಲೇ ಇದೆ: ಇ ಘಾತ ಮೈನಸ್ 5, ಅಂದ್ರೆ 0.0067. ಸುಮಾರು 31 ಸಾವಿರ ಬೇಸ್. 10 ಸಲಕ್ಕೆ 210ರ ಆಸುಪಾಸು. 50 ಸಲಕ್ಕೆ ಏನೂ ಉಳಿಯಲ್ಲ. ಅದಕ್ಕೆ ಬೇಕಿರೋದು 15 ಲಕ್ಷ ಚಿಲ್ಲರೆ ತುಂಡು. ಎರಿಕ್ ಲ್ಯಾಂಡರ್, ಮೈಕೆಲ್ ವಾಟರ್‌ಮನ್ ಅನ್ನೋ ವಿಜ್ಞಾನಿಗಳು 1988ರಲ್ಲಿ ಬರೆದಿದ್ದೂ ಇದೇ ಲೆಕ್ಕವನ್ನ.

ಆದ್ರೆ ಅಷ್ಟೂ ತುಂಡನ್ನ ಜೋಡಿಸೋಕೆ ಒಂದು ಪ್ರೋಗ್ರಾಮಿಗೆ ಕೊಟ್ಟು ನೋಡಿ. ಒಂದು ಜೀನೋಮ್ ಬರೋ ಕಡೆ ಹತ್ತಾರು ಚೂರು ಬರುತ್ತೆ. ಯಾಕಂದ್ರೆ ಇ. ಕೋಲಿಲಿ ರೈಬೋಸೋಮ್ (ಪ್ರೋಟೀನ್ ತಯಾರಿಸೋ ಯಂತ್ರ) ಆರ್‌ಎನ್‌ಎಯ ಜೀನ್ ಗುಂಪು 7 ಕಡೆ ಇದೆ, ಒಂದೊಂದೂ 5 ಸಾವಿರ ಬೇಸ್ ಹತ್ರ, ಎಲ್ಲವೂ ಬಹುತೇಕ ಒಂದೇ ಥರ. 150ರ ತುಂಡು ಅದರೊಳಗೆ ಬಿದ್ರೆ ಯಾವ ಕಡೆಯದು ಅಂತ ಪ್ರೋಗ್ರಾಮಿಗೆ ತಿಳಿಯಲ್ಲ. 10 ಸಾವಿರ ದಾಟೋ ಉದ್ದದ ರೀಡ್ (ಒಮ್ಮೆಗೆ ಓದಿದ ತುಂಡು) ಇದ್ರೆ ಮಾತ್ರ ಬಿಡಿಸ್ಕೊಳ್ಳಬಹುದು. ಫಿಸಿಕ್ಸ್‌ನವರಿಗೆ ಕಲಿಯೋಕೆ ಉಳಿದಿರೋ ಬಯಾಲಜಿ ಇಂಥದ್ದು; ಕಪ್ಪೆ ಕೊಯ್ಯೋದಲ್ಲ. ನಮ್ಮ ಸೀಮೆ ಮೆಕ್ಕೆಜೋಳವಂತೂ 230 ಕೋಟಿ ಬೇಸ್, ಶೇ. 85ರಷ್ಟು ಪುನರಾವರ್ತನೆ. ಲ್ಯಾಪ್‌ಟಾಪಲ್ಲಿ ಅದನ್ನ ಜೋಡಿಸೋ ಆಸೆ ಬೇಡ.

ಇದರ ಜೊತೆ ಲಿನಕ್ಸ್, ಪೈಥಾನ್, ಸ್ಟ್ಯಾಟಿಸ್ಟಿಕ್ಸ್ ಬೇಕೇ ಬೇಕು.

ಪಾಠ ಮಾಡೋ ಆಸೆ ಇದ್ರೆ ಡಿಗ್ರಿ ಹೆಸರಿನ ಕಡೆ ಈಗ್ಲೇ ಗಮನ ಇರಲಿ. ಅಸಿಸ್ಟೆಂಟ್ ಪ್ರೊಫೆಸರ್ ಅರ್ಜಿಗೆ ಎಂಎಸ್‌ಸಿಲಿ ಶೇ. 55, ಜೊತೆಗೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ, ಇಲ್ಲವೇ ಯುಜಿಸಿ ನಿಯಮದ ಪ್ರಕಾರ ಪಡೆದ ಪಿಎಚ್‌ಡಿ ಕೇಳ್ತಾರೆ. ತೊಡಕು ಇರೋದು ಜಾಹೀರಾತಿನ "ಸಂಬಂಧಿತ ವಿಷಯ" ಅನ್ನೋ ಸಾಲಲ್ಲಿ. ಎಂಎಸ್‌ಸಿ ಫಿಸಿಕ್ಸ್, ಪಿಎಚ್‌ಡಿ ಬಯೋಇನ್ಫರ್ಮ್ಯಾಟಿಕ್ಸ್ ಅಂತಿದ್ರೆ ಎರಡೂ ವಿಭಾಗದವರು "ನಮ್ಮವರಲ್ಲ" ಅಂದುಬಿಡಬಹುದು. ಪಿಸಿಎಂನವರನ್ನ ಸೇರಿಸ್ಕೊಳ್ಳೋ ಬಯೋಇನ್ಫರ್ಮ್ಯಾಟಿಕ್ಸ್ ಎಂಎಸ್‌ಸಿ ಇವೆ, ಅದೇ ಕ್ಷೇಮ. ಸಂಶೋಧನೆ ಮಾತ್ರ ಸಾಕು ಅನ್ನೋರಿಗೆ ಈ ತಲೆನೋವಿಲ್ಲ; ಚೆನ್ನೈನ ಸಂಶೋಧನಾ ಸಂಸ್ಥೆ ಐಎಂಎಸ್‌ಸಿ ಕಂಪ್ಯುಟೇಷನಲ್ ಬಯಾಲಜಿ ಪಿಎಚ್‌ಡಿಗೆ ಫಿಸಿಕ್ಸ್‌ನವರನ್ನೂ ತಗೊಳ್ಳುತ್ತೆ.

ಕೆಲಸ ಸಿಕ್ಕಿ ಲ್ಯಾಬ್ ನಡೆಸೋವಾಗ, ಡೇಟಾನ ಹಿಂದಿನ ದಿನವೇ ಇಳಿಸಿ ಪೆನ್‌ಡ್ರೈವಲ್ಲಿ ಹಂಚಿ. ಇಡೀ ಕ್ಲಾಸ್ ಒಟ್ಟಿಗೆ ಡೌನ್‌ಲೋಡ್‌ಗೆ ಕೂತ್ರೆ ಎರಡು ಗಂಟೆಯ ಪ್ರಾಕ್ಟಿಕಲ್ ನೆಟ್‌ವರ್ಕ್ ಕಾಯೋದ್ರಲ್ಲೇ ಮುಗಿಯುತ್ತೆ. ಇನ್ನೊಂದು, ಜೀನ್ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಬರೆದಿಡೋ ಫೈಲ್‌ಗಳಲ್ಲಿ ಬೆಡ್ ಎಣಿಕೆ ಶುರು ಮಾಡೋದು 0ಯಿಂದ, ಜಿಎಫ್ಎಫ್ 1ರಿಂದ. ಬೆಡ್‌ನಲ್ಲಿ 100, 200 ಅಂತಿದ್ರೆ ಅದು ಜಿಎಫ್ಎಫ್‌ನ 101ರಿಂದ 200. ಒಂದರಿಂದ ಇನ್ನೊಂದಕ್ಕೆ ಬದಲಿಸೋವಾಗ ಇದನ್ನ ಮರೆತ್ರೆ ಕಂಪ್ಯೂಟರ್ ಯಾವ ಎರರ್ರೂ ಕೊಡಲ್ಲ, ಡಿಎನ್‌ಎಯ ಪ್ಲಸ್ ಎಳೆಯ ಪ್ರತಿ ಜೀನ್ ಆರಂಭವೂ ಒಂದೊಂದು ಬೇಸ್ ಸರಿದಿರುತ್ತೆ. ಅಂಥ ಜೀನ್‌ನ ಮೊದಲ ಮೂರು ಅಕ್ಷರ, ಶುರುವಿನ ಗುರುತಾದ ಎಟಿಜಿ ಇದೆಯಾ ಅಂತ ವಿದ್ಯಾರ್ಥಿಗಳ ಕೈಲಿ ನೋಡಿಸಿ. ಇ. ಕೋಲಿಲಿ ಕೆಲವು ಜೀನ್ ಜಿಟಿಜಿಯಿಂದಲೂ ಶುರುವಾಗುತ್ತೆ, ಹಾಗಾಗಿ ಒಂದೇ ಜೀನ್ ನೋಡಿ ಬಿಡಬೇಡಿ, ಹತ್ತಿಪ್ಪತ್ತು ನೋಡಲಿ.